ಬೆನ್ನಿಗೊಂದು ಚೀಲ, ಎರಡು ವಾರ: ಮೆಕ್ಸಿಕೊದ ವಹಾಕಾ ಕಡಲತೀರಕ್ಕೆ ಹೋಗಿಬಂದವರು ಹೇಳ್ತೀರಾ?

ಸಕಲೇಶಪುರದ ಮಳೆ

ಎಲ್ಲರಿಗೂ ನಮಸ್ಕಾರ. ಟೆಕ್ಸಾಸಿನಲ್ಲಿ ಪಿಎಚ್‌ಡಿ ಮಾಡ್ತಿದ್ದೀನಿ. ಡಿಸೆಂಬರಿನಲ್ಲಿ ಎರಡು ವಾರ ರಜೆ ಇದೆ. ಊರಿಗೆ ಹೋಗಿಬರೋಕೆ ಅಷ್ಟು ದಿನ ಸಾಲಲ್ಲ, ಟಿಕೆಟ್ಟಿನ ದುಡ್ಡೂ ಕೈಗೆ ಎಟುಕಲ್ಲ. ಅದಕ್ಕೇ ಒಂದು ಬ್ಯಾಕ್‌ಪ್ಯಾಕ್ ಹಾಕ್ಕೊಂಡು ಮೆಕ್ಸಿಕೊಗೆ ಹೋಗೋಣ ಅಂತಿದ್ದೀನಿ. ಪೆಸಿಫಿಕ್ ಕಡೆಯ ವಹಾಕಾ ರಾಜ್ಯದ ಕಡಲತೀರ, ಮುಖ್ಯವಾಗಿ ಪುಯೆರ್ತೊ ಎಸ್ಕೊಂದಿದೊ ಮನಸ್ಸಿನಲ್ಲಿದೆ.

ಈಗ ಹಾಕಿರೋ ಲೆಕ್ಕ: ಮೆಕ್ಸಿಕೊ ಸಿಟಿ 2 ದಿನ, ವಹಾಕಾ ನಗರ 2, ಪುಯೆರ್ತೊ ಎಸ್ಕೊಂದಿದೊ 2, ಅದೇ ತೀರದ ಮಸುಂತೆ 1, ಸಿಪೊಲಿತೆ 1, ವತೂಲ್ಕೊ 1, ಆಮೇಲೆ ಸಾನ್ ಕ್ರಿಸ್ತೊಬಾಲ್ 2, ಕೊನೆಗೆ ಕಾನ್‌ಕುನ್ 2.

ನಾನು ಒಬ್ಬಳೇ ಹೋಗೋದು. ಸಸ್ಯಾಹಾರಿ, ಮೊಟ್ಟೆ ತಿನ್ನಲ್ಲ. ಈಜು ಬರುತ್ತೆ, ಆದರೆ ಹೇಮಾವತಿ ಹೊಳೆಯಲ್ಲಿ ಮತ್ತು ಈಜುಕೊಳದಲ್ಲಿ ಕಲಿತದ್ದು. ವೀಸಾ, ಊಟ, ಸಮುದ್ರ, ಒಬ್ಬಳೇ ಇರೋದು, ಈ ನಾಲ್ಕರ ಬಗ್ಗೆ ಗೊತ್ತಿದ್ದವರು ಬರೀರಿ. ಮನೆಯಲ್ಲಿ ಅಮ್ಮನಿಗೆ ಇನ್ನೂ ಹೇಳಿಲ್ಲ, ನಿಮ್ಮ ಉತ್ತರ ನೋಡ್ಕೊಂಡು ಹೇಳ್ಬೇಕು.

ಬಿಸಿಬೇಳೆ

ವೀಸಾ ಮಾತ್ರ ನಾನು ಹೇಳ್ತೀನಿ, ಮಿಕ್ಕಿದ್ದು ಬೇರೆಯವರು ಹೇಳಲಿ.

ನಮ್ಮ ಪಾಸ್‌ಪೋರ್ಟಿಗೆ ಮೆಕ್ಸಿಕೊ ವೀಸಾ ಬೇಕು. ಆದರೆ ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಇದ್ದು, ಅದರ ಅವಧಿ ಮುಗಿದಿಲ್ಲ ಅಂದ್ರೆ ಬೇರೆ ವೀಸಾ ಬೇಡ, ಅದನ್ನೇ ತೋರಿಸಿ ಪ್ರವಾಸಿಯಾಗಿ ಒಳಗೆ ಹೋಗಬಹುದು. ಗರಿಷ್ಠ 180 ದಿನ. ಆದರೆ 180 ಕೊಟ್ಟೇ ಕೊಡ್ತಾರೆ ಅಂತೇನಿಲ್ಲ. ಸ್ಟ್ಯಾಂಪ್ ಒತ್ತಿದ ಮೇಲೆ ಎಷ್ಟು ದಿನ ಅಂತ ಅಧಿಕಾರಿ ಅಲ್ಲೇ ಬರೆದಿರ್ತಾರೆ, ಕೌಂಟರ್ ಬಿಡೋ ಮೊದಲೇ ನೋಡ್ಕೊಳ್ಳಿ.

ತುಂಬಾ ಜನ ಎಡವೋದು ಇಲ್ಲಿ: ಅಮೆರಿಕದೊಳಗೆ ಇರೋಕೆ ನಿಮ್ಮ ಕಾಗದಪತ್ರ ಸರಿಯಾಗಿದ್ದು, ವೀಸಾ ಸ್ಟ್ಯಾಂಪಿನ ಅವಧಿ ಮಾತ್ರ ಮುಗಿದಿರುತ್ತೆ. 30 ದಿನದೊಳಗಿನ ಮೆಕ್ಸಿಕೊ ಪ್ರವಾಸ ಮುಗಿಸಿ ಅಮೆರಿಕಕ್ಕೆ ವಾಪಸ್ ಬರೋಕೆ ಅಂಥವರಿಗೆ ಒಂದು ವಿನಾಯಿತಿ ಇದೆ, ನಿಜ. ಆದರೆ ಅದು ವಾಪಸ್ ಬರೋಕೆ. ಮೆಕ್ಸಿಕೊದ ಒಳಗೆ ಹೋಗೋಕೆ ಆ ಹಳೇ ಸ್ಟ್ಯಾಂಪ್ ಕೆಲಸಕ್ಕೆ ಬರಲ್ಲ, ಅವರ ಕಾನ್ಸುಲೇಟಿಗೆ ಹೋಗಿ ವೀಸಾ ಮಾಡಿಸ್ಲೇಬೇಕು. ನಿಮ್ಮ ಸ್ಟ್ಯಾಂಪ್ ತಾರೀಖು ಇವತ್ತೇ ನೋಡಿ. ಕಾಲೇಜು ಕೊಡೋ ಐ-20 ಪತ್ರದ ಮೇಲೆ ಪ್ರಯಾಣದ ಸಹಿ ಒಂದು ವರ್ಷದೊಳಗಿನದ್ದಾಗಿರಬೇಕು. ಡಿಸೆಂಬರಿನಲ್ಲಿ ಕಾಲೇಜು ಕಚೇರಿ ಬಾಗಿಲು ಹಾಕೋ ಮೊದಲೇ ಹಾಕಿಸಿಕೊಳ್ಳಿ.

ಟೊಂಕಾ ತೀರ

ತಂಗಿ, ನಿಮ್ಮ ಪಟ್ಟಿ ನೋಡಿ ಕೂತು ಬರೆಯಬೇಕು ಅನ್ನಿಸಿತು. ಹೋದ ಚಳಿಗಾಲದಲ್ಲಿ ಮೂರು ವಾರ ಆ ತೀರದಲ್ಲಿದ್ದೆ, ಅದರಲ್ಲಿ ಹದಿನಾರು ದಿನ ಮಸುಂತೆಯಲ್ಲೇ.

ಮೊದಲು ಸಾನ್ ಕ್ರಿಸ್ತೊಬಾಲ್, ಕಾನ್‌ಕುನ್ ಎರಡನ್ನೂ ಹೊಡೆದುಹಾಕಿ. ಕಾನ್‌ಕುನ್ ಇರುವುದು ದೇಶದ ಇನ್ನೊಂದು ತುದಿಯಲ್ಲಿ, ಕೆರಿಬಿಯನ್ ಸಮುದ್ರಕ್ಕೆ. ಬಸ್ಸಿನಲ್ಲೇ ನಿಮ್ಮ ರಜೆ ಮುಗಿದುಹೋಗುತ್ತದೆ. ವಹಾಕಾ ನಗರದಲ್ಲಿ ಮೂರು ದಿನ, ಪುಯೆರ್ತೊದಲ್ಲಿ ನಾಲ್ಕು, ಮಸುಂತೆಯಲ್ಲಿ ಐದು. ಇಷ್ಟು ಸಾಕು. ಉಳಿದದ್ದು ಹೋಗಿಬರಲು.

ನಗರದಿಂದ ಕಡಲಿಗೆ ಇಳಿಯುವ ದಾರಿ ಈಗ ಬಹಳ ಸುಲಭವಾಗಿದೆ. ಹಿಂದೆ ಸಿಯೆರಾ ಬೆಟ್ಟ ಸುತ್ತಿಕೊಂಡು ಆರೇಳು ಗಂಟೆ ಹಿಡಿಯುತ್ತಿತ್ತು. 2024ರ ಫೆಬ್ರವರಿಯಲ್ಲಿ ಬರಾಂಕಾ ಲಾರ್ಗಾದಿಂದ ವೆಂತನಿಯಾವರೆಗಿನ ಹೊಸ ಹೆದ್ದಾರಿ ತೆರೆದ ಮೇಲೆ ವ್ಯಾನಿನಲ್ಲಿ ಸುಮಾರು ಮೂರು ಗಂಟೆಗೆ ಪುಯೆರ್ತೊ ತಲುಪಬಹುದು. ಹಳೆಯ ದಾರಿಗಳಲ್ಲಿ ಒಂದು ಸಾನ್ ಹೊಸೆ ದೆಲ್ ಪಸೀಫಿಕೊ ಎಂಬ ಬೆಟ್ಟದೂರಿನ ಮೇಲೆ ಹಾದು ಕಡಲಿನ ಹತ್ತಿರದ ಪೊಚೂತ್ಲಾ ಊರಿಗೆ ಇಳಿಯುತ್ತದೆ. ಚಾರ್ಮಾಡಿ ಘಾಟಿಯ ತಿರುವುಗಳನ್ನು ಆರು ಗಂಟೆ ಎಳೆದಂತೆ ಅಂದುಕೊಳ್ಳಿ. ಮೋಡ ಕಿಟಕಿಯೊಳಗೇ ಬರುತ್ತದೆ, ಪೈನ್ ಮರಗಳು, ಚಳಿ. ವಾಂತಿಯಾಗುವ ಅಭ್ಯಾಸ ಇಲ್ಲದಿದ್ದರೆ ವಾಪಸಾತಿಗೆ ಅದನ್ನೇ ಹಿಡಿಯಿರಿ.

ಈಗ ಸಮುದ್ರ. ಇದನ್ನು ದಯವಿಟ್ಟು ಎರಡು ಸಲ ಓದಿ.

ನಾನು ಹೊನ್ನಾವರದ ಕಾಸರಕೋಡಿನವನು. ಶರಾವತಿ ಕಡಲು ಸೇರುವ ಅಳಿವೆಯ ಪಕ್ಕ ಬೆಳೆದವನು, ನಡೆಯಲು ಕಲಿತ ವರ್ಷವೇ ನೀರಿಗಿಳಿದವನು. ಸಿಪೊಲಿತೆಯಲ್ಲಿ ಸೊಂಟದ ಮಟ್ಟದ ನೀರಿನಲ್ಲಿ ನಿಂತಿದ್ದೆ. ಕಾಲಡಿಯ ಮರಳು ಸರಿಯಿತು, ಮೂರು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ತಳ ಸಿಗುತ್ತಿರಲಿಲ್ಲ. ದಡದ ಕಡೆಗೆ ಈಜಿದಷ್ಟೂ ದಡ ದೂರವಾಗುತ್ತಿತ್ತು. ಒಳಸೆಳೆತ ಎಂದು ಗೊತ್ತಿದ್ದೂ ಮೊದಲು ಕೈಕಾಲು ಬಡಿದೆ. ಆಮೇಲೆ ಅಪ್ಪ ಹೇಳಿಕೊಟ್ಟದ್ದು ನೆನಪಾಗಿ ಅಂಗಾತ ತೇಲಿ ಉಸಿರು ಸುಧಾರಿಸಿಕೊಂಡೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿದೆ, ಅಲೆ ಮುರಿಯುವ ಜಾಗ ಸಿಕ್ಕಾಗ ಅದರ ಜೊತೆ ಒಳಗೆ ಬಂದೆ. ಮೇಲೆ ಬಂದು ಮರಳಲ್ಲಿ ಬಿದ್ದಾಗ ಅಲ್ಲಿಯ ಜೀವರಕ್ಷಕರು ಕೆಂಪು ಬಾವುಟ ತೋರಿಸಿದರು. ಅದು ನಾನು ಇಳಿಯುವಾಗಲೂ ಅಲ್ಲೇ ಇತ್ತು.

ನಮ್ಮ ಕರಾವಳಿಯಲ್ಲಿ ಸಮುದ್ರದ ತಳ ಬಹಳ ದೂರದವರೆಗೆ ನಿಧಾನವಾಗಿ ಇಳಿಯುತ್ತದೆ. ದೊಡ್ಡ ಅಲೆ ಬರುವಷ್ಟರಲ್ಲಿ ಅರ್ಧ ಬಲ ತಳಕ್ಕೆ ಉಜ್ಜಿ ಹೋಗಿರುತ್ತದೆ, ಮಳೆಗಾಲ ಬಿಟ್ಟರೆ ಶಾಂತ. ಅಲ್ಲಿ ಹಾಗಲ್ಲ. ದಡದಿಂದ ಸ್ವಲ್ಪ ದೂರಕ್ಕೇ ತಳ ಆಳಕ್ಕೆ ಬಿದ್ದುಬಿಡುತ್ತದೆ, ಎಲ್ಲೋ ದಕ್ಷಿಣ ಸಾಗರದಲ್ಲಿ ಎದ್ದ ಅಲೆ ಬಲ ಕಳೆದುಕೊಳ್ಳದೆ ಬಂದು ದಡಕ್ಕೇ ಬಡಿಯುತ್ತದೆ. ಪುಯೆರ್ತೊದ ಸಿಕಾತೆಲಾ ತೀರವನ್ನು ಸರ್ಫಿಂಗ್ ಮಾಡುವವರು ಹವಾಯಿಯ ಪೈಪ್‌ಲೈನ್ ಅಲೆಗೆ ಹೋಲಿಸಿ ಮೆಕ್ಸಿಕನ್ ಪೈಪ್‌ಲೈನ್ ಎಂದು ಕರೆಯುವುದು ಇದಕ್ಕೇ. ದೊಡ್ಡ ಅಲೆಯ ಕಾಲ ಏಪ್ರಿಲಿನಿಂದ ಸೆಪ್ಟೆಂಬರ್. ಡಿಸೆಂಬರಿನಲ್ಲಿ ಅಲೆ ಚಿಕ್ಕದು, ಆದರೂ ಸಿಕಾತೆಲಾ ನೋಡುವ ಜಾಗ, ಈಜುವ ಜಾಗವಲ್ಲ. ಈಜಬೇಕೆಂದರೆ ಕರಿಸಾಲಿಯೊಗೆ ಹೋಗಿ. ನೂರೈವತ್ತಕ್ಕೂ ಹೆಚ್ಚು ಮೆಟ್ಟಿಲು ಇಳಿಯಬೇಕು, ಕೆಳಗೆ ಬೊಗಸೆಯ ಹಾಗೆ ಮುಚ್ಚಿಕೊಂಡ ಪುಟ್ಟ ಕೊಲ್ಲಿ. ಅದರ ಪಕ್ಕದಲ್ಲೇ ಮನ್ಸಾನಿಯೊ, ಪುಯೆರ್ತೊ ಅಂಗೆಲಿತೊ ಇವೆ, ಅವೂ ಸೌಮ್ಯ. ಸರ್ಫಿಂಗ್ ಕಲಿಯುವ ಆಸೆಯಿದ್ದರೆ ಕರಿಸಾಲಿಯೊದಲ್ಲೇ ಪಾಠ ಹೇಳಿಕೊಡುತ್ತಾರೆ.

ಕಾವೇರಿ ಕೊಳ್ಳ

ಸಮುದ್ರ ಇಷ್ಟು ಅಪಾಯ ಅಂದ್ರೆ ಕಾನ್‌ಕುನ್ ಕಡೆಯೇ ಒಳ್ಳೇದಲ್ವಾ? ನಾವು ಕುಟುಂಬ ಸಮೇತ ಹೋಗಿದ್ವಿ. ನೀಲಿ ನೀರು, ಎಲ್ಲರಿಗೂ ಇಂಗ್ಲಿಷ್ ಬರುತ್ತೆ, ಊಟಕ್ಕೂ ತೊಂದರೆ ಇಲ್ಲ. ಒಬ್ಬಳೇ ಹೆಣ್ಣುಮಗಳು ಮೊದಲ ಸಲ ಹೋಗುವಾಗ ಕಷ್ಟದ ಜಾಗ ಯಾಕೆ?

ಅಲೆಮಾರಿ ಅಕ್ಕ

ಕಾವೇರಿ ಕೊಳ್ಳ ಅವರೇ, ಮಕ್ಕಳ ಜೊತೆ ನಾಲ್ಕು ದಿನ ಅಂದ್ರೆ ನಾನೂ ಅದನ್ನೇ ಹೇಳ್ತೀನಿ. ಆದರೆ ಈ ಹುಡುಗಿ ಚೀಲ ಹೊತ್ತು ಸ್ಟೂಡೆಂಟ್ ದುಡ್ಡಿನಲ್ಲಿ ಹೋಗ್ತಿದ್ದಾಳೆ. ಹಾಸ್ಟೆಲಿನಲ್ಲಿ ಮಲಗಿ, ಬೀದಿಯಲ್ಲಿ ತಿಂದು, ಹಂಚಿಕೊಂಡ ಟ್ಯಾಕ್ಸಿಯಲ್ಲಿ ಓಡಾಡೋರಿಗೆ ವಹಾಕಾ ತೀರವೇ ಸರಿ.

ನಾನು ಮೈಸೂರಿನವಳು, ಕೆನಡಾದಲ್ಲಿದ್ದೀನಿ, ಒಬ್ಬಳೇ ಎರಡು ಸಲ ಹೋಗಿಬಂದಿದ್ದೀನಿ. ಕಂದಾ, ಅಮ್ಮನಿಗೆ ಹೇಳಬಹುದಾದ ಹಾಗೆ ಬರೀತೀನಿ.

ಅಮೆರಿಕ ಸರ್ಕಾರ ಮೆಕ್ಸಿಕೊದ ಒಂದೊಂದು ರಾಜ್ಯಕ್ಕೂ ಬೇರೆ ಬೇರೆ ಎಚ್ಚರಿಕೆ ಮಟ್ಟ ಇಟ್ಟಿದೆ. ವಹಾಕಾ ಎರಡನೇ ಮಟ್ಟದಲ್ಲಿದೆ, ಅಂದರೆ ಜಾಗ್ರತೆಯಿಂದ ಹೋಗಿ ಅಂತ. ಅದರ ಪಶ್ಚಿಮಕ್ಕೆ ಅಂಟಿಕೊಂಡಿರೋ ಗೆರೆರೊ ನಾಲ್ಕನೇ ಮಟ್ಟದಲ್ಲಿದೆ, ಹೋಗಲೇಬೇಡಿ ಅಂತ. ಹಾಗಾಗಿ ಕಡಲಂಚಿನ 200ನೇ ಹೆದ್ದಾರಿ ಹಿಡಿದು ಅಕಾಪುಲ್ಕೊ ಕಡೆ ಹೋಗೋ ಯೋಚನೆ ಬೇಡ. ಹೊರಡೋ ವಾರ ಇನ್ನೊಂದು ಸಲ ನೋಡಿಕೋ, ಮಟ್ಟ ಬದಲಾಗ್ತಿರುತ್ತೆ.

ಕತ್ತಲಾದ ಮೇಲೆ ಸಿಕಾತೆಲಾದಿಂದ ಅದೇ ತೀರದ ತುದಿಯ ಲಾ ಪುಂತಾಗೆ ಮರಳಿನ ಮೇಲೆ ನಡ್ಕೊಂಡು ಹೋಗಬೇಡ. ಟ್ಯಾಕ್ಸಿ ತಗೊ, ಹತ್ತೋ ಮೊದಲೇ ರೇಟು ಮಾತಾಡು, ಮೀಟರ್ ಇರಲ್ಲ. ಒಂದು ಹಾಸ್ಟೆಲಿನಲ್ಲಿ ನನ್ನ ಫೋನ್ ಚಾರ್ಜಿಗೆ ಹಾಕಿದ ಕಡೆಯಿಂದ ಹೋಯ್ತು, ಅದೇ ರೂಮಿನಲ್ಲಿ ಇದ್ದವರೇ ತಗೊಂಡಿರ್ಬೇಕು. ಸ್ವಂತ ಬೀಗ ಒಂದು ಇಟ್ಟುಕೋ, ಪಾಸ್‌ಪೋರ್ಟ್ ಲಾಕರಿನಲ್ಲಿಡು, ಅದರ ಜೆರಾಕ್ಸ್ ಚೀಲದಲ್ಲಿರಲಿ. ಹೆಂಗಸರಿಗೇ ಬೇರೆ ಡಾರ್ಮಿಟರಿ ಇರೋ ಕಡೆ ಮೊದಲ ಎರಡು ರಾತ್ರಿ ಬುಕ್ ಮಾಡು, ಆಮೇಲಿನದ್ದು ಅಲ್ಲಿ ಸಿಕ್ಕ ಹುಡುಗೀರ ಮಾತು ಕೇಳಿ ತೀರ್ಮಾನ ಮಾಡಬಹುದು. ಆದರೆ ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಮೆಕ್ಸಿಕೊದವರೇ ಮನೆಮಂದಿಯೆಲ್ಲಾ ಕಡಲಿಗೆ ಬರ್ತಾರೆ, ಆ ವಾರಕ್ಕೆ ಮಾತ್ರ ಮುಂಚೆಯೇ ಬುಕ್ ಮಾಡಿಬಿಡು.

ಕಡಲ ಹಳ್ಳಿಗಳಲ್ಲಿ ನಗದು ಬೇಕೇ ಬೇಕು. ಪುಯೆರ್ತೊದಲ್ಲೇ ಬ್ಯಾಂಕಿನ ಎಟಿಎಂನಿಂದ ತೆಗೆದುಕೊಂಡು ಹೋಗು. ಡಾಲರಿಗೆ ನಾವೇ ಬದಲಾಯಿಸಿ ಕೊಡ್ತೀವಿ ಅಂತ ಯಂತ್ರ ಕೇಳಿದಾಗ ಬೇಡ ಅನ್ನು, ನಿನ್ನ ಬ್ಯಾಂಕಿನ ದರವೇ ವಾಸಿ. ನಲ್ಲಿ ನೀರು ಕುಡಿಯಬೇಡ. ನಮ್ಮಲ್ಲಿ ಬರೋ ಹಾಗೇ 20 ಲೀಟರ್ ಕ್ಯಾನ್ ಎಲ್ಲಾ ಹಾಸ್ಟೆಲಿನಲ್ಲೂ ಇರುತ್ತೆ, ಗರ್ರಫೋನ್ ಅಂತಾರೆ, ಬಾಟಲಿ ತುಂಬಿಸಿಕೋ. ಡೆಂಗಿ ಇದೆ, ಸೊಳ್ಳೆ ಮುಲಾಮು ಮರೀಬೇಡ.

ಸಿಪೊಲಿತೆಯಲ್ಲಿ ಬಟ್ಟೆ ಇಲ್ಲದೆ ಓಡಾಡೋದು ಕಾನೂನಿಗೆ ಒಪ್ಪಿಗೆ. ಯಾರೂ ಯಾರನ್ನೂ ಒತ್ತಾಯ ಮಾಡಲ್ಲ. ಹೋದ ಮೇಲೆ ಗಾಬರಿಯಾಗಬಾರದು ಅಂತ ಹೇಳಿದೆ ಅಷ್ಟೇ.

ರೊಟ್ಟಿ ಬುತ್ತಿ

ಊಟದ ಮಾತು ಬಂತಲ್ಲ, ಈಗ ನಂದು ಪಾಳಿ. ಧಾರವಾಡದಾಂವ, ಇಲ್ಲೆ ಮೆಕ್ಸಿಕೊದ ಗ್ವಾದಲಹಾರಾದಾಗ ಸಾಫ್ಟ್‌ವೇರ್ ಕೆಲಸ, ಐದು ವರ್ಷ ಆತು. ಮನ್ಯಾಗ ಎಲ್ಲಾರೂ ಸಸ್ಯಾಹಾರಿ.

ತಂಗಿ, "ವೆಹೆತಾರಿಯಾನಾ" ಅಂದ್ರ ಸಾಲೂದಿಲ್ಲ. ಇಲ್ಲೆ "ಕಾರ್ನೆ" ಅಂದ್ರ ಭಾಳ ಮಂದಿಗೆ ದನದ್ದು, ಹಂದಿದು ಅಷ್ಟ. "ಸಿನ್ ಕಾರ್ನೆ" ಅಂದ್ರ ಕೋಳಿ ಹಾಕಿ ಕೊಡ್ತಾರ, ಅವರು ಮೋಸ ಮಾಡಿದ್ದಲ್ಲ ಅದು. ಹಿಂಗ ಬಾಯಿಪಾಠ ಮಾಡ್ರಿ: "ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ, ಸಿನ್ ಮಾಂತೆಕಾ, ಸಿನ್ ವೆವೊ." ಮಾಂಸ, ಕೋಳಿ, ಮೀನ, ಹಂದಿ ಕೊಬ್ಬು, ತತ್ತಿ, ಯಾವುದೂ ಬ್ಯಾಡ ಅಂತ. ಮಾಂತೆಕಾದ ಮಾತು ಮುಖ್ಯ ಐತಿ. ಕುದಿಸಿ ಅರೆದು ಹುರಿದ ಕಾಳಿನ ಪಲ್ಯಾದಾಗ ಅದ ಹಾಕ್ತಾರ, ಎಲಿಯೊಳಗ ಸುತ್ತಿ ಬೇಯಿಸೂ ತಮಾಲೆ ಹಿಟ್ಟಿನಾಗೂ ಅದ. ಕೆಂಪನ್ನಕ್ಕ ಕೋಳಿ ಸಾರು ಹಾಕಿರ್ತಾರ. ವಹಾಕಾದ ದೊಡ್ಡ ತಿನಿಸು ತ್ಲಾಯೂದಾ, ಗೊಂಜಾಳದ (ಮೆಕ್ಕೆಜೋಳದ) ರೊಟ್ಟಿ, ಪರಾತದಷ್ಟು ಅಗಲ ಇರ್ತದ, ಗರಿಗರಿ. ಅದರ ಮ್ಯಾಲೆ ಮೊದಲು ಸವರೂದು ಅಸಿಯೆಂತೊ, ಅದೂ ಹಂದಿ ಕೊಬ್ಬ. "ಸಿನ್ ಅಸಿಯೆಂತೊ" ಅನ್ರಿ. ಕಿತ್ತಳಿ ಹೋಳಿನ ಮ್ಯಾಲೆ ಕೆಂಪನ ಉಪ್ಪು ಉದುರಿಸಿ ಕೊಟ್ರ ಕೇಳಿ ತಿನ್ರಿ, ಹುಳಾ ಕುಟ್ಟಿ ಮಾಡಿದ ಉಪ್ಪು ಇರ್ತದ.

ಇಷ್ಟು ಕೇಳಿ ಅಂಜಬ್ಯಾಡ್ರಿ. ಕುಂಬಳ ಹೂವು ಹಾಕಿ ಮಡಚಿದ ಕೆಸದಿಯಾ ರೊಟ್ಟಿ, ಪಾಪಾಸುಕಳ್ಳಿ ಸುಟ್ಟು ಮಾಡಿದ ನೊಪಾಲ್, ಎಳಿ ಎಳಿಯಾಗಿ ಬರೂ ಕೆಸಿಯೊ ಚೀಸ್, ಬೆಣ್ಣೆಹಣ್ಣು, ಪಪ್ಪಾಯಿ. ಹೊಟ್ಟಿ ತುಂಬ್ತದ. ಇನ್ನ ಜೋಳದ ಮಾತು. ನಮ್ಮ ಬಿಳಿ ಜೋಳ ಅಲ್ಲ, ಗೊಂಜಾಳ. ರಾತ್ರಿ ಸುಣ್ಣದ ನೀರಿನಾಗ ಕುದಿಸಿ ಬಿಟ್ಟು, ಮುಂಜಾನೆ ಸಿಪ್ಪಿ ತೊಳದು, ಹಸೀದ ಅರೀತಾರ. ಆ ಸುಣ್ಣದಿಂದನ ಗೊಂಜಾಳದಾಗಿನ ಬಿ3 ಜೀವಸತ್ವ ಮೈಗೆ ಹತ್ತತದ. ಸಾವಿರಾರು ವರ್ಷದ ಹಿಂದ ಈ ಮಂದಿ ಇದನ್ನ ಕಂಡುಕೊಂಡಿದ್ರು. ಗೊಂಜಾಳ ಯುರೋಪಿಗೆ ಹೋತು, ಸುಣ್ಣದ ವಿದ್ಯಾ ಹೋಗಲಿಲ್ಲ, ಅಲ್ಲಿ ಬಡವರು ಪೆಲಾಗ್ರಾ ಬ್ಯಾನಿ ಬಿದ್ದು ಸತ್ರು. ಇಲ್ಲೆ ಹೆಣ್ಮಕ್ಕಳು ಕೋಮಾಲ್ ಅನ್ನೂ ಹಂಚಿನ ಮುಂದ ಕುಂತು ಅಂಗೈಯಾಗ ರೊಟ್ಟಿ ತಟ್ಟೂ ಸಪ್ಪಳ ಕೇಳಿದ್ರ ನಮ್ಮವ್ವ ನೆನಪಾಗ್ತಾಳ ನನಗ.

ಸಂತಿಯೊಳಗ ಚಾಯೊತೆ ಕೇಳ್ರಿ. ನಮ್ಮ ಸೀಮೆಬದನಿಕಾಯಿನ ಅದು, ಅದರ ತವರುಮನಿ ಈ ಸೀಮಿ. ಮೆಣಸಿನಕಾಯಿ, ಟೊಮ್ಯಾಟೊ, ಪೇರಲ, ಸಪೋಟ, ಎಲ್ಲಾ ಈ ಕಡಿಂದನ ನಮ್ಮಲ್ಲಿಗೆ ಬಂದವು. ಸಪೋಟ ಅನ್ನೂ ಹೆಸರು ಸುದ್ದಾ ಇಲ್ಲಿಯ ನಹುವಾತ್ಲ್ ಭಾಷಾದ್ದು. ಹುಣಸಿಹಣ್ಣಿನ ಪಾನಕಾನೂ ಇಲ್ಲೆ ಸಿಗ್ತದ, ಮಾವಿನಹಣ್ಣು ನಮ್ಮ ಏಷ್ಯಾದ ಕಡಿಂದ ಇಲ್ಲಿಗೆ ಬಂದದ್ದು.

ಇನ್ನೊಂದು. ಸ್ಪ್ಯಾನಿಷ್ ಕಲಿಯಾಕ ಕನ್ನಡದವರಿಗೆ ಭಾಳ ಹಗೂರ. ತ, ದ ನಮ್ಮಂಗ ಹಲ್ಲಿಗೆ ಹತ್ತಿ ಬರ್ತಾವ, ಸ್ವರ ಬರದಂಗ ಓದೂದು. ನಾವು ಅಕ್ಷರಮಾಲಿಯೊಳಗ ಕಲಿತು ಅಪರೂಪಕ್ಕ ಬಳಸೂ ಆ ಞ ಐತೆಲ್ಲ, ಅದು ಇಲ್ಲೆ ದಿನಾ ಬೇಕಾಗ್ತದ: "ಮಞಾನಾ", ಅಂದ್ರ ನಾಳೆ.

ಸಕಲೇಶಪುರದ ಮಳೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಾನ್‌ಕುನ್, ಸಾನ್ ಕ್ರಿಸ್ತೊಬಾಲ್ ತೆಗೆದುಬಿಟ್ಟೆ. ವೀಸಾ ಸ್ಟ್ಯಾಂಪ್ ಇನ್ನೂ ಎರಡು ವರ್ಷ ಇದೆ. ಅಕ್ಕ ಬರೆದದ್ದನ್ನ ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ, ಅಲ್ಲಿ ಹುಣಸೆ ಪಾನಕ ಸಿಗುತ್ತೆ ಅಂದಮೇಲೆ ಸ್ವಲ್ಪ ಸಮಾಧಾನ ಆದ ಹಾಗಿತ್ತು.

ಟೊಂಕಾ ತೀರ ಅವರೇ, ಅಣ್ಣ ಅಂತಲೇ ಕರೀತೀನಿ, ಹದಿನಾರು ದಿನ ಮಸುಂತೆಯಲ್ಲಿ ಏನು ಮಾಡಿದ್ರಿ? ನಕ್ಷೆಯಲ್ಲಿ ನೋಡಿದ್ರೆ ಒಂದೇ ಬೀದಿ ಇರೋ ಹಾಗಿದೆ.

ಟೊಂಕಾ ತೀರ

ಹೆಚ್ಚುಕಡಿಮೆ ಒಂದೇ ಬೀದಿ. ನಾನು ಅಲ್ಲಿಗೆ ಹೋದದ್ದು ಆಮೆಗಾಗಿ.

ನಮ್ಮ ಕಾಸರಕೋಡು ಟೊಂಕಾದ ಮರಳಿಗೆ ಬಂದು ಮೊಟ್ಟೆಯಿಡುವ ಆಲಿವ್ ರಿಡ್ಲೆ ಕಡಲಾಮೆ ಇದೆಯಲ್ಲ, ಅದೇ ಜಾತಿ ಆ ತೀರಕ್ಕೂ ಬರುತ್ತದೆ. ನಮ್ಮಲ್ಲಿ ಒಂದೊಂದಾಗಿ ಬರುತ್ತವೆ. ಮಸುಂತೆಗೂ ಪುಯೆರ್ತೊಗೂ ನಡುವೆ ಲಾ ಎಸ್ಕೊಬಿಯಾ ಎಂಬ ತೀರವಿದೆ, ಅಲ್ಲಿ ಒಡಿಶಾದ ಹಾಗೆ ಕೆಲವೇ ರಾತ್ರಿಗಳಲ್ಲಿ ಸಾವಿರ ಸಾವಿರ ಆಮೆ ಒಟ್ಟಿಗೆ ಏರಿ ಬರುತ್ತವೆ. ಅರಿಬಾದಾ ಎನ್ನುತ್ತಾರೆ. ಕಾವಲಿದೆ, ಮನಸ್ಸಿಗೆ ಬಂದ ಹಾಗೆ ಹೋಗುವಂತಿಲ್ಲ, ಊರವರ ಸಹಕಾರ ಸಂಘದ ಮೂಲಕವೇ ಕೇಳಿ ಹೋಗಿ.

ಇದೇ ಆಮೆಯನ್ನು ಕೊಂದೇ ಆ ಊರುಗಳು ಬದುಕಿದ್ದವು. ಮಸುಂತೆಯ ಪಕ್ಕದ ಸಾನ್ ಅಗುಸ್ತಿನಿಯೊದಲ್ಲಿ ಆಮೆಯ ಕಸಾಯಿಖಾನೆಯೇ ಇತ್ತು. ಚರ್ಮ, ಮಾಂಸ, ಎಣ್ಣೆ ಎಲ್ಲಾ ಮಾರಾಟಕ್ಕೆ. 1990ರಲ್ಲಿ ಸರ್ಕಾರ ಆಮೆ ಹಿಡಿಯುವುದನ್ನು ಪೂರ್ತಿ ನಿಷೇಧಿಸಿತು. ಒಂದೇ ಆದೇಶಕ್ಕೆ ಊರಿಗೆ ಊರೇ ಕೆಲಸ ಕಳೆದುಕೊಂಡಿತು. ಆಮೇಲೆ ಮಸುಂತೆಯಲ್ಲಿ ಆಮೆ ಸಂಶೋಧನಾ ಕೇಂದ್ರ ಬಂತು, ಎಣ್ಣೆ ಸಾಬೂನು ಮಾಡುವ ಊರವರ ಸಹಕಾರ ಸಂಘ ಹುಟ್ಟಿತು, ಮಸುಂತೆ ಪಕ್ಕದ ಲಾ ವೆಂತನಿಯಾದ ಜನ (ಹೆದ್ದಾರಿ ಮುಗಿಯುವ ವೆಂತನಿಯಾ ಬೇರೆ) ಕಾಂಡ್ಲಾ ಕಾಡಿನ ನಡುವೆ ದೋಣಿ ನಡೆಸಿ ಮೊಸಳೆ, ಹಕ್ಕಿ ತೋರಿಸತೊಡಗಿದರು. ನನ್ನ ದೋಣಿ ನಡೆಸಿದ ಅಜ್ಜ ಹುಡುಗನಾಗಿದ್ದಾಗ ಆಮೆ ಹಿಡಿಯಲು ಹೋಗುತ್ತಿದ್ದವರು. ಕೈ ತೋರಿಸಿ ಹೇಳಿದರು, ಈ ಕೈಯೇ ಅಂತ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ನಮ್ಮಲ್ಲೂ ಆಮೆ ಮೊಟ್ಟೆ ತಿನ್ನುತ್ತಿದ್ದ ಕಾಲವನ್ನು ನಾನೇ ನೋಡಿದ್ದೇನೆ.

ಸಂಜೆ ಪುಂತಾ ಕೊಮೆತಾಕ್ಕೆ ನಡೆದುಹೋಗಿ, ಸಮುದ್ರಕ್ಕೆ ಚಾಚಿದ ಬಂಡೆಯ ಮೂಗು ಅದು. ಡಿಸೆಂಬರಿನಿಂದ ಮಾರ್ಚ್ ನಡುವೆ ಅಲ್ಲಿಂದ ತಿಮಿಂಗಿಲದ ಉಸಿರಿನ ಕಾರಂಜಿ ಕಾಣುತ್ತದೆ. ನನಗೆ ನಾಲ್ಕು ಸಂಜೆ ಕೂತ ಮೇಲೆ ಕಂಡಿತು. ಒಂದೇ ದಿನ ಇಟ್ಟುಕೊಂಡು ಬಂದವರಿಗೆ ಅದೆಲ್ಲಿ ಸಿಗಬೇಕು?

ಪುಯೆರ್ತೊದಿಂದ ಮಸುಂತೆಗೆ ಬರಲು ಪೊಚೂತ್ಲಾ ಕಡೆಯ ಬಸ್ ಹತ್ತಿ ಸಾನ್ ಅಂತೋನಿಯೊ ಕೂಡುರಸ್ತೆಯಲ್ಲಿ ಇಳಿಯಿರಿ. ಅಲ್ಲಿಂದ ಹಂಚಿಕೊಂಡ ಟ್ಯಾಕ್ಸಿ, ಇಲ್ಲವೇ ಹಿಂದೆ ಬೆಂಚು ಹಾಕಿ ತಾಡಪಾಲು ಹೊದಿಸಿದ ಪಿಕಪ್ ಗಾಡಿ.

ನೇತ್ರಾವತಿ ದಂಡೆ

ಒಂದು ಮಾತು ಸೇರಿಸಲೇಬೇಕು. ನಾನು ಲಾ ಪುಂತಾದಲ್ಲಿ ಎರಡು ತಿಂಗಳು ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡಿದವ. ನಾನಿದ್ದ ಕೋಣೆಯಲ್ಲಿ ಹಿಂದೆ ಬಾಡಿಗೆಗೆ ಅಲ್ಲಿಯ ಶಾಲಾ ಮೇಷ್ಟ್ರ ಸಂಸಾರವೇ ಇತ್ತು ಅಂತ ಬಿಡುವ ಹೊತ್ತಿಗೆ ಗೊತ್ತಾಯಿತು. ರಸ್ತೆ ಬಂದ ಮೇಲೆ ಜನ ಹೆಚ್ಚಿದ್ದಾರೆ, ನೀರು ಟ್ಯಾಂಕರಿನಲ್ಲಿ ಬರುತ್ತದೆ. ಹೊಸ ಹೊಸ ಕೆಫೆಗಳಲ್ಲೇ ತಿಂದು ಬಂದರೆ ಊರವರ ಕೈಗೆ ಏನೂ ಸೇರುವುದಿಲ್ಲ ಮಾರಾಯ್ರೆ. ಊರಿನ ಮಾರುಕಟ್ಟೆಯಲ್ಲಿ, ಮೆರ್ಕಾದೊ ಬೆನಿತೊ ಹುವಾರೆಸ್‌ನಲ್ಲಿ ಉಣ್ಣಿ. ಮನೆಯವರೇ ನಡೆಸುವ ಪೊಸಾದಾದಲ್ಲಿ ಉಳಿಯಿರಿ. ಮತ್ತೆ, ಮೆಕ್ಸಿಕೊದಲ್ಲಿ ಕಡಲತೀರ ಎಲ್ಲರ ಸ್ವತ್ತು, ಯಾವ ಹೋಟೆಲೂ ಮರಳಿನ ಮೇಲೆ ನಿಮ್ಮನ್ನು ತಡೆಯುವಂತಿಲ್ಲ.

ಸಕಲೇಶಪುರದ ಮಳೆ

ಜನವರಿ. ವಾಪಸ್ ಬಂದೆ, ಬರೀತೀನಿ ಅಂತ ಮಾತು ಕೊಟ್ಟಿದ್ದೆ.

ಸಿಕಾತೆಲಾದಲ್ಲಿ ನೀರಿಗೆ ಇಳೀಲಿಲ್ಲ. ದಡದಲ್ಲಿ ಕೂತಿದ್ರೂ ಅಲೆ ಬಿದ್ದಾಗ ನೆಲ ಅದುರೋದು ಗೊತ್ತಾಗುತ್ತೆ. ಕರಿಸಾಲಿಯೊದಲ್ಲಿ ಮೂರು ದಿನ ಈಜಿದೆ. ಅಮಾವಾಸ್ಯೆ ಹತ್ತಿರ ಇತ್ತು ಅಂತ ಒಂದು ರಾತ್ರಿ ಮನಿಯಾಲ್ತೆಪೆಕ್ ಹಿನ್ನೀರಿಗೆ ಹೋದೆ. ನೀರಲ್ಲಿ ಕೈ ಆಡಿಸಿದ್ರೆ ಬೆರಳ ತುದಿಯಿಂದ ನೀಲಿ ಬೆಳಕು ಸುರಿಯುತ್ತೆ, ಸೂಕ್ಷ್ಮಜೀವಿಗಳು ಅಲುಗಾಡಿದಾಗ ಹೊಳೆಯೋದಂತೆ. ಸೊಳ್ಳೆ ಮುಲಾಮು ಹಚ್ಚಿಕೊಂಡು ಇಳಿದ್ರೆ ಅವು ಸಾಯುತ್ತವೆ ಅಂತ ದೋಣಿಯವರು ಮೊದಲೇ ಹೇಳಿದ್ರು. ಹಾಗಾಗಿ ಕಚ್ಚಿಸಿಕೊಂಡೆ.

ಊಟಕ್ಕೆ ಧಾರವಾಡದ ಅಣ್ಣನ ಐದು "ಸಿನ್" ಸಾಕಾಯ್ತು. ಮಸುಂತೆಯಲ್ಲಿ ಒಬ್ಬ ಅಜ್ಜಿ ನನ್ನನ್ನ ಕೋಮಾಲ್ ಪಕ್ಕ ಕೂರಿಸ್ಕೊಂಡು ತಟ್ಟೋಕೆ ಹೇಳಿದ್ರು. ನಂದು ಹರಿದುಹೋಯ್ತು, ಅವರು ಅದನ್ನೇ ಸುಟ್ಟು ಬೀನ್ಸ್ ಹಾಕಿ ಕೊಟ್ರು, ಕೊಬ್ಬು ಹಾಕದ ಪಾತ್ರೆಯಿಂದ.

ಯಾರೂ ಹೇಳದೇ ಇದ್ದದ್ದು ಒಂದು: ವತೂಲ್ಕೊ ಮೇಲಿನ ಬೆಟ್ಟದಲ್ಲಿ ಪ್ಲೂಮಾ ಇದಾಲ್ಗೊ ಅನ್ನೋ ಕಾಫಿ ಊರಿದೆ. ಪೊಚೂತ್ಲಾದಿಂದ ಹೋಗಿ ಒಂದು ದಿನ ಇದ್ದೆ. ನಮ್ಮ ಕಡೆ ಹಾಗೇ ದೊಡ್ಡ ಮರದ ನೆರಳಲ್ಲಿ ಅರೇಬಿಕಾ. ಕಣದಲ್ಲಿ ಹಣ್ಣು ಹರಡಿದ್ರು, ಆ ಹುಳಿ ವಾಸನೆ ಮೂಗಿಗೆ ಬಂದ ಕೂಡಲೇ ನಿಂತುಬಿಟ್ಟೆ. ಮೂರು ವರ್ಷದಿಂದ ಊರಲ್ಲಿ ಕೊಯ್ಲು ನೋಡಿಲ್ಲ. 1997ರ ಪೌಲಿನಾ ಚಂಡಮಾರುತದಲ್ಲಿ ನೆರಳಿನ ಮರ, ಗಿಡ ಎಲ್ಲಾ ಮಲಗಿಹೋಗಿದ್ದನ್ನ ತೋಟದವರು ಇನ್ನೂ ನಿನ್ನೆ ನಡೆದ ಹಾಗೆ ಹೇಳ್ತಾರೆ. ಅಪ್ಪನಿಗೆ ಅಲ್ಲಿಂದಲೇ ವಿಡಿಯೊ ಕಾಲ್ ಮಾಡಿದೆ. ಅವರು ಆ ಯಜಮಾನರಿಗೆ ಕನ್ನಡದಲ್ಲೇ ಕಾಂಡಕೊರಕದ ಬಗ್ಗೆ ಕೇಳಿದ್ರು, ಅವರು ಸ್ಪ್ಯಾನಿಷಿನಲ್ಲಿ ಉತ್ತರ ಹೇಳಿದ್ರು, ನಡುವೆ ನಾನು.

ಕೊನೇ ಸಂಜೆ ಬಕೋಚೊ ತೀರದಲ್ಲಿ ಆಮೆ ಮರಿ ಬಿಡೋಕೆ ಹೋದೆ. ಕೈಯಲ್ಲಿ ಮುಟ್ಟಬಾರದು ಅಂತ ತೆಂಗಿನ ಚಿಪ್ಪಿನಲ್ಲಿ ಒಂದೊಂದೇ ಕೊಡ್ತಾರೆ. ನನ್ನದು ಅಲೆ ಬಂದಾಗಲೆಲ್ಲಾ ಹಿಂದಕ್ಕೆ ಉರುಳಿ, ಮತ್ತೆ ತಿರುಗಿ ನಡೀತು. ನಾಲ್ಕನೇ ಸಲಕ್ಕೆ ಹೋಯ್ತು. ಟೊಂಕಾ ಅಣ್ಣ, ಇದನ್ನ ನಮ್ಮೂರಿನ ಕಡಲಲ್ಲೇ ನೋಡಬೇಕು ಅಂದ್ರೆ ಯಾವಾಗ ಬರಬೇಕು?

ಟೊಂಕಾ ತೀರ

ಬನ್ನಿ ತಂಗಿ. ನಮ್ಮಲ್ಲಿ ಆಮೆ ಏರುವುದು ಹೆಚ್ಚಾಗಿ ಜನವರಿಯಿಂದ ಮಾರ್ಚ್. ಮೊಟ್ಟೆಯಿಟ್ಟ ಜಾಗಕ್ಕೆ ಬಲೆ ಕಟ್ಟಿ ಕಾಯುತ್ತಾರೆ, ಮರಿ ಹೊರಬರಲು ಸುಮಾರು ಐವತ್ತು ದಿನ ಹಿಡಿಯುತ್ತದೆ. ಹಾಗಾಗಿ ಯುಗಾದಿಯ ಆಸುಪಾಸಿಗೆ ಟಿಕೆಟ್ ಮಾಡಿ. ಸಕಲೇಶಪುರದಿಂದ ಮಂಗಳೂರಿಗೆ ಇಳಿದು ಕೊಂಕಣ ರೈಲು ಹಿಡಿದರೆ ಹೊನ್ನಾವರ. ಬರುವ ಒಂದು ವಾರ ಮೊದಲು ಇಲ್ಲಿ ಬರೆಯಿರಿ, ಅಮ್ಮನ ಹತ್ತಿರ ಗೂಡು ಎಷ್ಟಿವೆ ಕೇಳಿ ಹೇಳುತ್ತೇನೆ. ಅವರ ಮನೆಯ ಹಿಂದಿನ ಮರಳಿಗೇ ಬರುತ್ತವೆ.